ದಾಖಲೆ ಇದ್ದಲ್ಲಿ ಉತ್ತರ: ಮಲೆಬೆನ್ನೂರಿನ ಸುತ್ತ ಅರ್ಥಶಾಸ್ತ್ರದ ಪ್ರಶ್ನೆಗಳು

ಅರ್ಥಶಾಸ್ತ್ರ ಮತ್ತು ಸಾರ್ವಜನಿಕ ನೀತಿಯ ವಿದ್ವಾಂಸರು ಯಾವ ಯಾವ ವಿಷಯಗಳಲ್ಲಿ ಸಂಶೋಧನೆ ಮಾಡುತ್ತಾರೆ ಎಂಬುದನ್ನು ವಿಂಗಡಿಸಲು ಜಗತ್ತಿನಾದ್ಯಂತ ಒಂದು ಪಟ್ಟಿ ಬಳಕೆಯಲ್ಲಿದೆ. ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ನಿರ್ವಹಿಸುವ ಈ ಪಟ್ಟಿಯಲ್ಲಿ ಒಂದೊಂದು ಕ್ಷೇತ್ರಕ್ಕೆ ಇಂಗ್ಲಿಷಿನ ಒಂದೊಂದು ಅಕ್ಷರ. ತೆರಿಗೆ ಮತ್ತು ಸರ್ಕಾರಿ ವೆಚ್ಚಕ್ಕೆ ಎಚ್, ಆರೋಗ್ಯ ಮತ್ತು ಶಿಕ್ಷಣಕ್ಕೆ ಐ, ಕೂಲಿ ಮತ್ತು ದುಡಿಮೆಗೆ ಜೆ, ಅಭಿವೃದ್ಧಿಗೆ ಓ, ಕೃಷಿ ಮತ್ತು ನಿಸರ್ಗ ಸಂಪನ್ಮೂಲಕ್ಕೆ ಕ್ಯೂ, ನಗರ ಹಾಗೂ ಪ್ರಾದೇಶಿಕ ಅಧ್ಯಯನಕ್ಕೆ ಆರ್. ಸಂಶೋಧಕರು ತಮ್ಮ ಪ್ರಬಂಧದ ಮೊದಲ ಪುಟದಲ್ಲೇ ಈ ಅಕ್ಷರಗಳನ್ನು ನಮೂದಿಸುತ್ತಾರೆ. ಪಟ್ಟಿ ದೂರದ್ದಾದರೂ ಅದರೊಳಗಿನ ಪ್ರಶ್ನೆಗಳು ದೂರದವಲ್ಲ. ಹರಿಹರದಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯಲ್ಲಿರುವ ಮಲೆಬೆನ್ನೂರು ಮತ್ತು ಅದರ ಸುತ್ತಲಿನ ಹಳ್ಳಿಗಳನ್ನು ತೆಗೆದುಕೊಂಡರೂ ಈ ಅಕ್ಷರಗಳಲ್ಲಿ ಬಹುಪಾಲಿಗೆ ಅಲ್ಲಿ ಕೆಲಸವಿದೆ. ನಾಲೆಯ ನೀರು, ಪಹಣಿಯ ಕಾಲಂ, ಭತ್ತದ ದರ, ಆಸ್ಪತ್ರೆಯ ಖರ್ಚು, ನಾಟಿಯ ಕೂಲಿ, ಬಸ್ಸಿನ ಟಿಕೆಟ್ಟು ಎಲ್ಲವೂ ಯಾವುದೋ ಒಂದು ವಿಶ್ವವಿದ್ಯಾಲಯದಲ್ಲಿ ಯಾರೋ ಒಬ್ಬರ ಸಂಶೋಧನೆಯ ವಿಷಯ.

ಈ ಸಂಶೋಧನೆಗಳಲ್ಲಿ ಕೆಲವು ಗಟ್ಟಿ ಉತ್ತರ ಕೊಟ್ಟಿವೆ, ಕೆಲವು ದಶಕಗಳಿಂದ ವಾದದಲ್ಲೇ ನಿಂತಿವೆ. ವ್ಯತ್ಯಾಸಕ್ಕೆ ಕಾರಣ ವಿದ್ವಾಂಸರ ಜಾಣ್ಮೆಗಿಂತ ಹೆಚ್ಚಾಗಿ ದಾಖಲೆ. ಯಾವುದನ್ನು ಸರ್ಕಾರ ಅಥವಾ ಮಾರುಕಟ್ಟೆ ದಿನದಿನವೂ ಬರೆದಿಡುತ್ತದೋ ಅದರ ಮೇಲೆ ಸಂಶೋಧನೆ ಬೆಳೆಯುತ್ತದೆ. ಬರೆದಿಡದೆ ಬಿಟ್ಟದ್ದು ಎಷ್ಟೇ ದೊಡ್ಡ ಸಮಸ್ಯೆಯಾದರೂ ಸಭೆ, ಮನವಿ, ರಸ್ತೆತಡೆಗಳಲ್ಲೇ ಉಳಿಯುತ್ತದೆ.

ಮೊದಲನೆಯದು ನೀರು. ಲಕ್ಕವಳ್ಳಿ ಬಳಿ ಭದ್ರಾ ನದಿಗೆ ಕಟ್ಟಿದ ಅಣೆಕಟ್ಟಿನ ಕಾಮಗಾರಿ 1947ರಲ್ಲಿ ಆರಂಭವಾಗಿ 1965ರ ಹೊತ್ತಿಗೆ ಮುಗಿಯಿತು. ಜಲಾಶಯದ ಸಾಮರ್ಥ್ಯ ಸುಮಾರು 71.5 ಟಿಎಂಸಿ, ಗರಿಷ್ಠ ಮಟ್ಟ 186 ಅಡಿ. ಮಳೆಗಾಲದಲ್ಲಿ ದಾವಣಗೆರೆ ಸೀಮೆಯ ರೈತರು ಪತ್ರಿಕೆಯಲ್ಲಿ ಮೊದಲು ನೋಡುವುದು ಈ ಅಡಿಯ ಲೆಕ್ಕವನ್ನೇ. 103 ಕಿಲೋಮೀಟರ್ ಉದ್ದದ ಬಲದಂಡೆ ನಾಲೆ ಮುಂದೆ ಶಾಖಾ ನಾಲೆಗಳಾಗಿ ಕವಲೊಡೆಯುತ್ತದೆ. ಅವುಗಳಲ್ಲಿ ಒಂದರ ಹೆಸರು ಮಲೆಬೆನ್ನೂರು ಶಾಖಾ ನಾಲೆ, ಇನ್ನೊಂದರದು ದಾವಣಗೆರೆ ಶಾಖಾ ನಾಲೆ. ಒಟ್ಟು ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರ್ ಮೀರುತ್ತದೆ. ಯೋಜನೆ ರೂಪಿಸಿದವರ ಲೆಕ್ಕದಲ್ಲಿ ಈ ನೆಲದ ದೊಡ್ಡ ಭಾಗ ಅರೆನೀರಾವರಿ ಬೆಳೆಗಳಿಗೆ ಮೀಸಲಾಗಿತ್ತು. ನೀರು ಬಂದ ಮೇಲೆ ರೈತರು ಭತ್ತ ಹಾಕಿದರು. ಮೇಲ್ಭಾಗದಲ್ಲಿ ಕಬ್ಬು ಬಂತು, ಈಗ ಅಡಿಕೆ ತೋಟ ಹಬ್ಬುತ್ತಿದೆ. ಮೇಲಿನವರು ಲೆಕ್ಕಕ್ಕಿಂತ ಹೆಚ್ಚು ನೀರು ಬಳಸಿದಷ್ಟೂ ಕೊನೆಭಾಗಕ್ಕೆ ಬರುವ ನೀರು ತಗ್ಗುತ್ತದೆ.

ಅರ್ಥಶಾಸ್ತ್ರಜ್ಞರು ಇದನ್ನು ಸಾಮೂಹಿಕ ಸಂಪನ್ಮೂಲದ ಸಮಸ್ಯೆ ಎನ್ನುತ್ತಾರೆ. ಬಳಸುವುದನ್ನು ತಡೆಯುವುದು ಕಷ್ಟ, ಆದರೆ ಒಬ್ಬ ಬಳಸಿದರೆ ಇನ್ನೊಬ್ಬನಿಗೆ ಅಷ್ಟು ಕಡಿಮೆ. ಇಂಥ ಸಂಪನ್ಮೂಲವನ್ನು ಒಂದೋ ಸರ್ಕಾರ ಬಿಗಿಯಾಗಿ ಹಿಡಿಯಬೇಕು ಇಲ್ಲವೇ ಖಾಸಗಿಗೆ ಹಂಚಿಬಿಡಬೇಕು ಎಂಬ ಹಳೆಯ ನಂಬಿಕೆಯನ್ನು ಅಲುಗಿಸಿದವರು ಎಲಿನಾರ್ ಆಸ್ಟ್ರಮ್. ಬಳಸುವವರೇ ಕೂಡಿ ನಿಯಮ ಮಾಡಿಕೊಂಡು, ತಪ್ಪಿದವರಿಗೆ ದಂಡ ಹಾಕಿ, ತಲೆಮಾರುಗಟ್ಟಲೆ ನೀರು, ಕಾಡು, ಮೀನು ಉಳಿಸಿಕೊಂಡ ಊರುಗಳನ್ನು ಅವರು ಜಗತ್ತಿನ ಹಲವೆಡೆಯಿಂದ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಅದಕ್ಕೂ ಮೊದಲೇ, 1980ರ ದಶಕದಲ್ಲಿ, ರಾಬರ್ಟ್ ವೇಡ್ ಎಂಬ ವಿದ್ವಾಂಸರು ಕರ್ನೂಲು ಜಿಲ್ಲೆಯ ನಾಲೆಯ ಹಳ್ಳಿಗಳಲ್ಲಿ ಇದನ್ನೇ ಹುಡುಕಿದ್ದರು. ಹರಿಹರದ ದಡ ಸವರಿ ಹೋಗುವ ತುಂಗಭದ್ರೆಯೇ ಮುಂದೆ ಆ ಜಿಲ್ಲೆಯನ್ನೂ ಹಾಯುತ್ತದೆ. ನೀರು ಧಾರಾಳವಾಗಿ ಸಿಗುವ ಮೇಲ್ಭಾಗದ ಹಳ್ಳಿಗಳಲ್ಲಿ ಒಗ್ಗಟ್ಟು ಕಡಿಮೆ, ನೀರಿಗೆ ಅಪಾಯವಿರುವ ಕೆಳಭಾಗದ ಹಳ್ಳಿಗಳಲ್ಲೇ ಜನ ಸೇರಿ ನೀರುಗಂಟಿಗಳನ್ನು ನೇಮಿಸಿ, ಸಂಬಳಕ್ಕೆ ವಂತಿಗೆ ಹಾಕಿಕೊಂಡಿದ್ದರು ಎಂಬುದು ಅವರ ಮುಖ್ಯ ಕಾಣ್ಕೆ. ಅದೇ ಸೀಮೆಯ ನೀರಾವರಿ ಆಡಳಿತದಲ್ಲಿ ವರ್ಗಾವಣೆ ಮತ್ತು ಲಂಚ ಹೇಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ ಎಂಬ ಬಗ್ಗೆ 1982ರಲ್ಲಿ ಅವರು ಬರೆದ ಲೇಖನವನ್ನು ಭ್ರಷ್ಟಾಚಾರದ ಅಧ್ಯಯನ ಮಾಡುವವರು ಇಂದಿಗೂ ಓದುತ್ತಾರೆ.

ಕರ್ನಾಟಕ 2000ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬಲ ಕೊಟ್ಟಿತು. ಸಂಘಗಳು ನೀರನ್ನು ಸಗಟಾಗಿ ಪಡೆದು ಸದಸ್ಯರಿಗೆ ಹಂಚಬೇಕು, ನೀರಿನ ಕರ ವಸೂಲಿ ಮಾಡಬೇಕು, ಹೊಲಗಾಲುವೆ ನೋಡಿಕೊಳ್ಳಬೇಕು ಎಂಬುದು ಆಶಯ. ಆಸ್ಟ್ರಮ್ ವಿವರಿಸಿದ ಸಂಸ್ಥೆಗಳು ಒಳಗಿನಿಂದ ಹುಟ್ಟಿದವು. ಇವು ಆದೇಶದಿಂದ ಹುಟ್ಟಿದವು. ಆದೇಶದಿಂದ ಹುಟ್ಟಿದ ಸಂಘ ಯಾವಾಗ ಜೀವ ಹಿಡಿಯುತ್ತದೆ, ಯಾವಾಗ ನಾಮಫಲಕವಾಗಿ ಉಳಿಯುತ್ತದೆ ಎಂಬುದು ಸಾರ್ವಜನಿಕ ನೀತಿಯ ಸಂಶೋಧಕರ ಅಚ್ಚುಮೆಚ್ಚಿನ ಪ್ರಶ್ನೆ. ಮೇಲ್ಭಾಗದ ಸಂಘ ಒಪ್ಪಂದದ ನೀರಿಗಿಂತ ಹೆಚ್ಚು ಎಳೆದರೆ ಅದನ್ನು ಅಳೆಯುವ ಸಾಧನ ಕೆಳಭಾಗದ ಸಂಘದ ಕೈಯಲ್ಲಿ ಇರಬೇಕು. ಅದಿಲ್ಲದೆ ಸಗಟು ನೀರು ಎಂಬ ಮಾತಿಗೆ ಅರ್ಥವಿಲ್ಲ.

ನೀರಿನ ಬೆಲೆಯ ಪ್ರಶ್ನೆಯೂ ಇದರೊಂದಿಗೇ ಬರುತ್ತದೆ. ಎ. ವೈದ್ಯನಾಥನ್ ಅಧ್ಯಕ್ಷತೆಯ ಸಮಿತಿ 1992ರಲ್ಲೇ ನೀರಿನ ಕರದಿಂದ ಕನಿಷ್ಠ ನಾಲೆಯ ನಿರ್ವಹಣೆಯ ವೆಚ್ಚವಾದರೂ ಹುಟ್ಟಬೇಕು ಎಂದಿತ್ತು. ಎಕರೆ ಲೆಕ್ಕದ ಕರ ಎಷ್ಟೇ ಇದ್ದರೂ ನೀರು ಉಳಿಸಿದವನಿಗೆ ಲಾಭವಿಲ್ಲ, ಪೋಲು ಮಾಡಿದವನಿಗೆ ನಷ್ಟವಿಲ್ಲ. ಆದರೆ ಕೊನೆಭಾಗದವನ ಕಡೆಯಿಂದ ನೋಡಿದರೆ ಮಾತು ಬೇರೆ: ಬಾರದ ನೀರಿಗೆ ಕರ ಯಾಕೆ ಕಟ್ಟಬೇಕು? ಕರ ಬಾರದೆ ನಿರ್ವಹಣೆ ಇಲ್ಲ, ನಿರ್ವಹಣೆ ಇಲ್ಲದೆ ಹೂಳು ತುಂಬಿ ನೀರು ಬಾರದು, ನೀರು ಬಾರದೆ ಕರ ಬಾರದು. ಈ ಸುತ್ತನ್ನು ಎಲ್ಲಿ ಕತ್ತರಿಸಬೇಕು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೊದಲು ನೀರು ಮುಟ್ಟಿಸಿ ಆಮೇಲೆ ಕರ ಕೇಳುವುದೇ ನ್ಯಾಯ, ಕೊಟ್ಟ ನೀರಿಗೆ ರಸೀದಿ ಇಲ್ಲದ ಕಡೆ ಕರ ಏರಿಸುವ ಮಾತು ನಿಲ್ಲುವುದಿಲ್ಲ.

ಮೇಲ್ಭಾಗ ಮತ್ತು ಕೊನೆಭಾಗದ ಅಂತರ ಎಷ್ಟು ಎಂದು ಭದ್ರಾ ಅಚ್ಚುಕಟ್ಟಿನಲ್ಲಿ ಒಮ್ಮೆ ಗಂಭೀರವಾಗಿ ಅಳೆದದ್ದುಂಟು. ಇಂದು ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆ ಎಂದು ಹೆಸರಾಗಿರುವ ಕೊಲಂಬೊದ ಸಂಸ್ಥೆ 1997ರಲ್ಲಿ ತಿರುವೆಂಗಡಾಚಾರಿ ಮತ್ತು ಶಕ್ತಿವಡಿವೇಲ್ ಅವರ ವರದಿಯೊಂದನ್ನು ಪ್ರಕಟಿಸಿತು. ಉಪಗ್ರಹ ಚಿತ್ರಗಳಿಂದ ಭತ್ತದ ಗದ್ದೆಗಳನ್ನು ಗುರುತಿಸಿ, ಇಳುವರಿ ಅಂದಾಜು ಮಾಡಿ, ನಾಲೆಯ ಯಾವ ಭಾಗದಲ್ಲಿ ಬೆಳೆ ಹೇಗಿದೆ ಎಂದು ನೋಡುವ ವಿಧಾನವನ್ನು ಆ ವರದಿ ಭದ್ರೆಯ ಮೇಲೆ ಪ್ರಯೋಗಿಸಿತು. ನೆಲದ ಮೇಲೆ ಯಾರೂ ಬರೆದಿಡದ ಲೆಕ್ಕವನ್ನು ಆಕಾಶದಿಂದ ಪಡೆಯುವ ಯತ್ನವಿದು, ಅದೂ ಕಾಲು ಶತಮಾನಕ್ಕೂ ಹಿಂದೆ. ಇಂದು ಉಪಗ್ರಹ ಚಿತ್ರಗಳು ಕೆಲವೇ ದಿನಗಳ ಅಂತರದಲ್ಲಿ ಉಚಿತವಾಗಿ ಸಿಗುತ್ತವೆ. ಮಲೆಬೆನ್ನೂರು ಶಾಖಾ ನಾಲೆಯ ಒಂದೊಂದು ತೂಬಿನ ಕೆಳಗೆ ಯಾವ ವಾರ ನಾಟಿಯಾಯಿತು, ಯಾವ ವಾರ ಗದ್ದೆ ಒಣಗಿತು ಎಂಬುದನ್ನು ಒಬ್ಬ ಎಂ.ಎ. ವಿದ್ಯಾರ್ಥಿ ಕೂಡ ತೆಗೆದು ತೋರಿಸಬಹುದು.

ಆ ಲೆಕ್ಕ ಸಾರ್ವಜನಿಕವಾಗಿಲ್ಲದ ಕಾರಣ ಬೇಸಿಗೆ ಬೆಳೆಯ ಪ್ರತಿ ಹಂಗಾಮಿನಲ್ಲೂ ಅದೇ ದೃಶ್ಯ. ಶಿವಮೊಗ್ಗದ ಮಲವಗೊಪ್ಪದಲ್ಲಿರುವ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಕಚೇರಿಯಲ್ಲಿ ನೀರಾವರಿ ಸಲಹಾ ಸಮಿತಿ ಸೇರುತ್ತದೆ, ಎಷ್ಟು ದಿನ ನೀರು ಹರಿಸಬೇಕು, ಎಷ್ಟು ದಿನ ನಿಲ್ಲಿಸಬೇಕು ಎಂದು ತೀರ್ಮಾನಿಸುತ್ತದೆ. ನೀರು ಬಿಟ್ಟ ಮೇಲೆ ಮೇಲ್ಭಾಗದಲ್ಲಿ ನಾಲೆಗೆ ಇಳಿಸಿದ ಅಕ್ರಮ ಪಂಪ್‌ಸೆಟ್ ತೆರವು ಮಾಡಲು ಅಧಿಕಾರಿಗಳು ಹೊರಡುತ್ತಾರೆ. ಕೊನೆಭಾಗದ ರೈತರು ರಾತ್ರಿ ಬ್ಯಾಟರಿ ಹಿಡಿದು ನಾಲೆಯ ಏರಿಯ ಮೇಲೆ ನಡೆಯುತ್ತಾರೆ, ಯಾವ ತೂಬಿನ ಗೇಟು ಎತ್ತಿದೆ ಎಂದು ನೋಡುತ್ತ. ಗೇಜು ಕಲ್ಲಿನ ಬಳಿ ನಿಂತು ನೀರಿನ ಮಟ್ಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಇಂಜಿನಿಯರಿಗೆ ಕಳಿಸುತ್ತಾರೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ, ನಾಲೆಯಲ್ಲಿ ನೀರು ನಿಲ್ಲಿಸಿದ್ದಕ್ಕೆ ದಾವಣಗೆರೆಯ ರೈತರು ಬೀದಿಗಿಳಿದರು. ಇದರ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆ ಇದೆ. ತುಂಗೆಯಿಂದ ಭದ್ರೆಗೆ 17.4 ಟಿಎಂಸಿ ಎತ್ತಿ, ಒಟ್ಟು 29.9 ಟಿಎಂಸಿ ನೀರನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಒಣಭೂಮಿಗೆ ಒಯ್ಯುವುದು ಅದರ ಉದ್ದೇಶ. ಆ ಕಡೆಯ ಬಾಯಾರಿಕೆ ನಿಜ, ಈ ಕಡೆಯ ಕೊನೆಭಾಗದ ಆತಂಕವೂ ನಿಜ. ಎರಡು ನ್ಯಾಯಗಳ ನಡುವೆ ಹಂಚುವ ಈ ಪ್ರಶ್ನೆಗೆ ಅರ್ಥಶಾಸ್ತ್ರ ಒಬ್ಬರೇ ಸರಿ ಎಂಬ ಉತ್ತರ ಕೊಡಲಾರದು. ಒಂದು ಟಿಎಂಸಿ ನೀರು ಎಲ್ಲಿ ಎಷ್ಟು ಕುಟುಂಬಗಳ ಬಾಳನ್ನು ಎಷ್ಟು ಎತ್ತುತ್ತದೆ ಎಂದು ಲೆಕ್ಕ ಹಾಕಿ ಎದುರಿಡುವುದಷ್ಟೇ ಅದಕ್ಕೆ ಸಾಧ್ಯ.

ಅಡಿಕೆ ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಿದೆ. ಭತ್ತದ ಗದ್ದೆಗೆ ಒಂದು ಹಂಗಾಮು ನೀರಿಲ್ಲವೆಂದರೆ ಆ ಬೆಳೆ ಬಿಡಬಹುದು, ತೋಟಕ್ಕೆ ಹಾಗೆ ಬಿಡುವಿಲ್ಲ. ನಾಲೆ ನಿಂತಾಗ ತೋಟದವರು ಕೊಳವೆಬಾವಿಗೆ ತಿರುಗುತ್ತಾರೆ. ಹತ್ತು ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತವಾದ್ದರಿಂದ ಎತ್ತುವ ನೀರಿಗೆ ಬೆಲೆಯೇ ಇಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಅಂತರ್ಜಲದ ಅರ್ಥಶಾಸ್ತ್ರ ಓದಿಸಿದ ಎಂ.ಜಿ. ಚಂದ್ರಕಾಂತ್ ಅವರ ಸಂಶೋಧನೆಯ ತಿರುಳು ಇಲ್ಲೇ ಇದೆ. ಒಬ್ಬನ ಬಾವಿ ಪಕ್ಕದವನ ಬಾವಿಯ ನೀರು ಎಳೆದಾಗ ಆ ನಷ್ಟ ಯಾರ ಖರ್ಚಿನಲ್ಲೂ ಸೇರುವುದಿಲ್ಲ; ಕೊರೆದು ವಿಫಲವಾದ ಬಾವಿಗಳ ವೆಚ್ಚವನ್ನೂ ಸೇರಿಸಿದರೆ ಮಾತ್ರ ನೀರಿನ ನಿಜವಾದ ಬೆಲೆ ಕಾಣುತ್ತದೆ ಎಂದು ಅವರು ಕರ್ನಾಟಕದ ಒಣಪ್ರದೇಶಗಳ ಲೆಕ್ಕದಿಂದ ತೋರಿಸಿದರು.

ನೀರಿನ ನಂತರ ನೆಲ. ಕರ್ನಾಟಕದ ಭೂಸುಧಾರಣೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ತಪ್ಪದೆ ಓದುವ ಅಧ್ಯಾಯ. 1961ರ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ, ಗೇಣಿದಾರರು ಅರ್ಜಿ ಹಾಕಿ ಭೂಮಿಯ ಒಡೆತನ ಪಡೆದರು. ನರೇಂದರ್ ಪಾಣಿ ಮುಂತಾದವರು ಆ ಸುಧಾರಣೆಯಿಂದ ಯಾರಿಗೆ ಎಷ್ಟು ದಕ್ಕಿತು ಎಂದು ಎಂಬತ್ತರ ದಶಕದಲ್ಲೇ ಪುಸ್ತಕ ಬರೆದರು. ಮುಂದೆ ಬಂದದ್ದು ಭೂಮಿ ಯೋಜನೆ. 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, 2002ರ ಹೊತ್ತಿಗೆ ಕೈಬರಹದ ಪಹಣಿಯ ಕಾಲ ಮುಗಿಯಿತು. ಇದು ಲಂಚ ತಗ್ಗಿಸಿತು ಎಂದು ಕೆಲವರು, ಗ್ರಾಮಲೆಕ್ಕಿಗರ ಕೈಯಿಂದ ತಾಲ್ಲೂಕು ಕೇಂದ್ರಕ್ಕೆ ಅಧಿಕಾರ ಸರಿಸಿ ಬಲ್ಲವರಿಗಷ್ಟೇ ಅನುಕೂಲ ಮಾಡಿತು ಎಂದು ಇನ್ನು ಕೆಲವರು ಬರೆದಿದ್ದಾರೆ.

ಆದರೆ ಮಲೆಬೆನ್ನೂರಿನಂಥ ಕಡೆ ನೆಲದ ಮುಖ್ಯ ಪ್ರಶ್ನೆ ಪಹಣಿಯ ಒಂಬತ್ತನೇ ಕಾಲಂನದ್ದಲ್ಲ, ಹನ್ನೆರಡನೆಯದು. ಒಂಬತ್ತರಲ್ಲಿ ಖಾತೆದಾರನ ಹೆಸರಿದೆ. ಹನ್ನೆರಡರಲ್ಲಿ ಸಾಗುವಳಿ ಮಾಡುವವರು ಯಾರು, ಬೆಳೆ ಯಾವುದು ಎಂಬ ವಿವರ ಇರಬೇಕು. ಬೆಳೆಯ ವಿವರ ಈಗ ಮೊಬೈಲ್ ಆ್ಯಪ್ ಮೂಲಕ ಫೋಟೊ ಸಮೇತ ದಾಖಲಾಗುತ್ತದೆ. ಸಾಗುವಳಿದಾರನ ಹೆಸರು ಮಾತ್ರ ಗುತ್ತಿಗೆಯ ನೆಲದಲ್ಲಿ ದಾಖಲಾಗುವುದಿಲ್ಲ. ಕಾಯ್ದೆಯ ಪ್ರಕಾರ, ಸೈನಿಕರಂಥ ಕೆಲವು ವಿನಾಯಿತಿ ಬಿಟ್ಟರೆ, ಕೃಷಿಭೂಮಿ ಗೇಣಿಗೆ ಕೊಡುವಂತಿಲ್ಲ. ಕೊಟ್ಟವರು ಹೆಸರು ಬರೆಸಿದರೆ ನಾಳೆ ಹಕ್ಕು ಕೇಳಿಯಾರೆಂಬ ಭಯ 1974ರಿಂದ ಉಳಿದಿದೆ. ಹೀಗಾಗಿ ಗುತ್ತಿಗೆ, ಕೋರು (ಪಾಲಿನ ಸಾಗುವಳಿ) ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತವೆ. ಪರಿಣಾಮ ನೇರವಾಗಿದೆ. ಬೆಳೆ ಸಾಲ, ಬೆಳೆ ವಿಮೆ, ಬರ ಪರಿಹಾರ, ಕೇಂದ್ರದ ಕಿಸಾನ್ ಸಮ್ಮಾನ್ ಹಣ ಎಲ್ಲವೂ ಒಂಬತ್ತನೇ ಕಾಲಂನವನ ಖಾತೆಗೆ ಹೋಗುತ್ತವೆ. ಬೀಜ, ಗೊಬ್ಬರ, ನಾಟಿಗೆ ಸಾಲ ಮಾಡಿದವನು, ಬೆಳೆ ಒಣಗಿದಾಗ ಬಡ್ಡಿ ಕಟ್ಟಬೇಕಾದವನು ಲೆಕ್ಕದಲ್ಲೇ ಇಲ್ಲ. ರೈತರ ಆತ್ಮಹತ್ಯೆಗಳ ಬಗ್ಗೆ ನಡೆದ ಅಧ್ಯಯನಗಳಿಗೂ ಇದೇ ತೊಡಕು, ತಮ್ಮ ಹೆಸರಿನಲ್ಲಿ ನೆಲವಿಲ್ಲದೆ ಉಳುವವರು ರೈತರ ಎಣಿಕೆಯಿಂದ ಜಾರಿಹೋಗುತ್ತಾರೆ. ಗುತ್ತಿಗೆಯನ್ನು ಕಾನೂನುಬದ್ಧಗೊಳಿಸಿ ಒಡೆತನಕ್ಕೆ ಧಕ್ಕೆಯಿಲ್ಲದಂತೆ ನೋಂದಾಯಿಸಬೇಕು ಎಂದು 2016ರಲ್ಲಿ ನೀತಿ ಆಯೋಗದ ಟಿ. ಹಕ್ ಸಮಿತಿ ಮಾದರಿ ಕಾಯ್ದೆಯನ್ನೇ ಸಿದ್ಧಪಡಿಸಿತು. ಒಡೆಯನಿಗೂ ಉಳುವವನಿಗೂ ರಕ್ಷಣೆ ಕೊಡುವ ದಾರಿ ಅದೊಂದೇ ಸದ್ಯಕ್ಕೆ ಕಾಣುವುದು.

ಮಾರುಕಟ್ಟೆಯ ವಿಷಯದಲ್ಲಿ ದಾಖಲೆಯ ಬಲ ಎದ್ದು ಕಾಣುತ್ತದೆ. ಕರ್ನಾಟಕ 2014ರಿಂದ ಎಪಿಎಂಸಿಗಳನ್ನು ಒಂದೊಂದಾಗಿ ಏಕೀಕೃತ ಆನ್‌ಲೈನ್ ವೇದಿಕೆಗೆ ತಂದಿತು. ಲಾಟಿಗೆ ನಂಬರು ಹಾಕಿ, ವರ್ತಕರು ಕಂಪ್ಯೂಟರಿನಲ್ಲಿ ಟೆಂಡರ್ ಬರೆಯುವ ಪದ್ಧತಿ ಬಂತು. ಎಲ್ಲ ಮಾರುಕಟ್ಟೆಗಳೂ ಒಂದೇ ದಿನ ಸೇರದೆ ಹಂತಹಂತವಾಗಿ ಸೇರಿದ್ದು ಸಂಶೋಧಕರಿಗೆ ವರವಾಯಿತು. ಮೊದಲು ಸೇರಿದ ಮಾರುಕಟ್ಟೆಗಳನ್ನೂ ಆಗಿನ್ನೂ ಸೇರದವುಗಳನ್ನೂ ಹೋಲಿಸಿ, ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೌಮ್ಯ ಸಿಂಘ್ವಿ, ಯಾನ್‌ಚಾಂಗ್ ಝೆಂಗ್ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಭತ್ತದ ದರ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5ರಷ್ಟು ಏರಿತ್ತು. ಹತ್ತಿ, ಹೆಸರು, ತೊಗರಿಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಭತ್ತ ಮತ್ತು ಮೆಕ್ಕೆಜೋಳ ಎರಡೂ ದಾವಣಗೆರೆ ಸೀಮೆಯ ಬೆಳೆಗಳು, ಮೆಕ್ಕೆಜೋಳಕ್ಕೆ ದಾವಣಗೆರೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ರೈತನ ಲಾಭದ ಪಾಲೇ ಅಷ್ಟು ತೆಳುವಾಗಿರುವಾಗ ದರದಲ್ಲಿ ಶೇ 5 ಸಣ್ಣ ಮಾತಲ್ಲ.

ಹಾಗೆಂದು ಈ ಉತ್ತರ ಎಲ್ಲ ಭತ್ತಕ್ಕೂ ಸಲ್ಲುವುದಿಲ್ಲ. ಕೊಯ್ಲು ಯಂತ್ರದಿಂದ ಇಳಿದ ಹಸಿ ಭತ್ತವನ್ನು ಒಣಗಿಸಲು ಕಣವಿಲ್ಲದೆ, ಗೊಬ್ಬರದ ಅಂಗಡಿಯ ಬಾಕಿ ತೀರಿಸಲು ಅವಸರವಾಗಿ, ಗದ್ದೆಯ ಬದುವಿನಲ್ಲೇ ಮಾರುವವರು ಎಷ್ಟೋ ಮಂದಿ. ತೇವಾಂಶಕ್ಕೆಂದು ಕಡಿತವಾದದ್ದು, ಚೀಲದ ತೂಕಕ್ಕೆಂದು ಬಿಟ್ಟದ್ದು ಯಾವ ವೇದಿಕೆಯಲ್ಲೂ ಬರೆಯುವುದಿಲ್ಲ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಮಾರಿ ಮುಗಿಸಿದ ರೈತನಿಗೆ ಆ ಅಂಕಿ ಪತ್ರಿಕೆಯಲ್ಲಿ ಓದುವುದಕ್ಕಷ್ಟೆ. ಬೆಂಬಲ ಬೆಲೆ ಘೋಷಣೆಯ ದಿನಕ್ಕೂ ಖರೀದಿಯ ಮೊದಲ ದಿನಕ್ಕೂ ನಡುವಿನ ಅಂತರದಿಂದ ಒಂದೊಂದು ತಾಲ್ಲೂಕಿನ ರೈತರು ಎಷ್ಟು ಕಳೆದುಕೊಳ್ಳುತ್ತಾರೆ ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ.

ಆರೋಗ್ಯದ ಅಧ್ಯಯನಗಳಲ್ಲಿ ಹರಿಹರ ಸೀಮೆಗೆ ತೀರ ಹತ್ತಿರದ್ದು ಒಂದಿದೆ. ಸಾರ್ವಜನಿಕ ನೀತಿಯ ಸಂಶೋಧನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕನ್ನಡ ನಾಡಿನಲ್ಲಿ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರ ಫೆಬ್ರವರಿಯಲ್ಲಿ ಕಲಬುರಗಿ ವಿಭಾಗದಲ್ಲಿ ಆರಂಭವಾಗಿ, ಅನಂತರ ಬೆಳಗಾವಿ ವಿಭಾಗಕ್ಕೆ ಬಂತು. ದಕ್ಷಿಣದ ಜಿಲ್ಲೆಗಳು 2012ರವರೆಗೆ ಕಾಯಬೇಕಾಯಿತು. ಹಾವೇರಿ ಜಿಲ್ಲೆ ಬೆಳಗಾವಿ ವಿಭಾಗದ್ದು, ದಾವಣಗೆರೆ ಬೆಂಗಳೂರು ವಿಭಾಗದ್ದು. ಹರಿಹರದ ಬಳಿ ಇವೆರಡರ ನಡುವಿನ ಗೆರೆ ತುಂಗಭದ್ರೆಯೇ. ಸೇತುವೆ ದಾಟಿ ಕುಮಾರಪಟ್ಟಣಕ್ಕೆ ಹೋದರೆ ಯೋಜನೆ ಇತ್ತು, ಈಚೆ ದಡದ ಹರಿಹರದಲ್ಲಿ ಇರಲಿಲ್ಲ. ಭಾಷೆ, ಊಟ, ಬೆಳೆ, ನೆಂಟಸ್ತನ ಎಲ್ಲವೂ ಎರಡೂ ಕಡೆ ಒಂದೇ. ಆಡಳಿತದ ಗೆರೆಯೊಂದೇ ಬೇರೆ.

ನೀರಜ್ ಸೂದ್, ಎರಾನ್ ಬೆನ್‌ಡೇವಿಡ್, ಬೆಂಗಳೂರಿನ ಐಐಎಂನ ಅರ್ಣಬ್ ಮುಖರ್ಜಿ ಮತ್ತು ಸಂಗಡಿಗರು ರಾಜ್ಯದ ಈ ಉತ್ತರ-ದಕ್ಷಿಣ ಗೆರೆಯನ್ನೇ ಹಿಡಿದರು. ಗೆರೆಯ ಉತ್ತರಕ್ಕಿರುವ 300 ಹಳ್ಳಿಗಳನ್ನೂ ಅವನ್ನು ಹೋಲುವ ದಕ್ಷಿಣದ 272 ಹಳ್ಳಿಗಳನ್ನೂ ಆರಿಸಿ, ಒಟ್ಟು ಸುಮಾರು 60,000 ಕುಟುಂಬಗಳ ಮಾಹಿತಿ ಪಡೆದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶ ಹೀಗಿದೆ: ಯೋಜನೆ ಚಿಕಿತ್ಸೆ ಕೊಡಬಲ್ಲ ಕಾಯಿಲೆಗಳಿಂದ ಸಂಭವಿಸಿದ ಸಾವಿನ ಪ್ರಮಾಣ ಬಡ ಕುಟುಂಬಗಳಲ್ಲಿ ಗೆರೆಯ ಉತ್ತರಕ್ಕೆ ಶೇ 0.32, ದಕ್ಷಿಣಕ್ಕೆ ಶೇ 0.90. ಯೋಜನೆಗೆ ಅರ್ಹರಲ್ಲದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಎರಡೂ ಕಡೆಯ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ, ಶೇ 0.56 ಮತ್ತು ಶೇ 0.55. ಈ ಎರಡನೆಯ ಜೋಡಿ ಅಂಕಿಗಳಲ್ಲೇ ಅಧ್ಯಯನದ ಜೀವ ಇದೆ. ಉತ್ತರದ ಹಳ್ಳಿಗಳ ಗಾಳಿಯೋ ನೀರೋ ಒಳ್ಳೆಯದಿದ್ದು ಸಾವು ಕಡಿಮೆಯಾಗಿದ್ದರೆ ಅನುಕೂಲಸ್ಥರಲ್ಲೂ ಅದು ಕಾಣಬೇಕಿತ್ತು. ಕಾಣಲಿಲ್ಲ. ಉಳಿಸಿದ್ದು ಯೋಜನೆ ಎಂಬ ತೀರ್ಮಾನಕ್ಕೆ ಬರಲು ಅದು ಆಧಾರ. ಇಂಥ ತನ್ನಷ್ಟಕ್ಕೆ ಒದಗಿದ ಹೋಲಿಕೆಗಳಿಂದ ಕಾರ್ಯಕಾರಣ ಸಂಬಂಧ ತೆಗೆಯುವ ಅಧ್ಯಯನ ಮತ್ತು ವಿಧಾನಗಳಿಗಾಗಿಯೇ 2021ರಲ್ಲಿ ಡೇವಿಡ್ ಕಾರ್ಡ್, ಜೋಶುವಾ ಆಂಗ್ರಿಸ್ಟ್, ಗೈಡೊ ಇಂಬೆನ್ಸ್ ಅವರಿಗೆ ನೊಬೆಲ್ ಬಂದದ್ದು. ಒಂದು ವಿಭಾಗಕ್ಕೆ ಎರಡು ವರ್ಷ ತಡವಾಗಿ ಬಂದ ಆದೇಶಕ್ಕೆ ಈಚೆ ದಡದ ಬಡವರು ಕೊಟ್ಟ ಬೆಲೆ ಏನೆಂದು ಆ ಅಂಕಿಗಳು ಹೇಳುತ್ತವೆ.

ಯೋಜನೆ ಇದ್ದರೂ ಅದು ಗೊತ್ತಿಲ್ಲದಿದ್ದರೆ ಪ್ರಯೋಜನವಿಲ್ಲ ಎಂಬುದು ಇನ್ನೊಂದು ಸಂಶೋಧನೆಯ ವಿಷಯ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಡಿ. ರಾಜಶೇಖರ್, ಆರ್. ಮಂಜುಳಾ ಅವರು ಎರ್ಲೆಂಡ್ ಬರ್ಗ್, ಮೈತ್ರೀಶ್ ಘಟಕ್, ಸಂಚಾರಿ ರಾಯ್ ಜೊತೆ ಸೇರಿ ಗ್ರಾಮೀಣ ಕರ್ನಾಟಕದಲ್ಲಿ ಒಂದು ಪ್ರಯೋಗ ನಡೆಸಿದರು. ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಮಾಹಿತಿ ಹಂಚಲು ಹಳ್ಳಿಯ ಹೆಣ್ಣುಮಕ್ಕಳನ್ನು ನೇಮಿಸಿ, ಕೆಲವರಿಗೆ ನಿಗದಿತ ಸಂಭಾವನೆ, ಕೆಲವರಿಗೆ ಜನರ ತಿಳಿವಳಿಕೆ ಎಷ್ಟು ಹೆಚ್ಚಿತು ಎಂಬುದರ ಮೇಲೆ ಸಂಭಾವನೆ ಕೊಟ್ಟರು. ನಿಗದಿತ ಹಣ ಪಡೆದವರು ತಮ್ಮ ಜಾತಿ, ಅಂತಸ್ತಿನ ಮನೆಗಳನ್ನು ದಾಟಿ ಅಷ್ಟಾಗಿ ಹೋಗಲಿಲ್ಲ. ಫಲಿತಾಂಶಕ್ಕೆ ತಕ್ಕ ಹಣ ಇದ್ದವರು ಕೇರಿಯ ಗೆರೆ ದಾಟಿ ಮಾಹಿತಿ ಮುಟ್ಟಿಸಿದರು. ಅಂಗನವಾಡಿ, ಆಶಾ ಕಾರ್ಯಕರ್ತೆಯರ ಸಂಭಾವನೆಯ ಬಗ್ಗೆ ಮಾತಾಡುವವರು ಗಮನಿಸಬೇಕಾದ ಫಲಿತಾಂಶ ಇದು.

ಹೆಣ್ಣುಮಕ್ಕಳ ದುಡಿಮೆಯ ಕಡೆಗೆ ಸಂಶೋಧಕರ ಗಮನ ಈಚೆಗೆ ಹೆಚ್ಚುತ್ತಿದೆ, ಅದು ಆಗಬೇಕಾದದ್ದೇ. ಭತ್ತದ ಸೀಮೆಯಲ್ಲಿ ನಾಟಿ ಎಂದರೆ ಹೆಂಗಸರ ಗುಂಪು. ಎಕರೆಗೆ ಇಷ್ಟೆಂದು ಮಾತಾಡಿಕೊಂಡು, ಬೆಳಗ್ಗೆ ಗೂಡ್ಸ್ ಆಟೊದಲ್ಲಿ ಬಂದು, ನಾಟಿ ಮುಗಿಸಿ, ಬಂದ ಹಣವನ್ನು ಸಮನಾಗಿ ಹಂಚಿಕೊಳ್ಳುತ್ತಾರೆ. ಕೊಯ್ಲಿನ ಕೆಲಸವನ್ನು ಯಂತ್ರ ಕಸಿದುಕೊಂಡಿದೆ. ನಾಟಿ ಯಂತ್ರವೂ ಹೊಲಕ್ಕೆ ಇಳಿಯುತ್ತಿದೆ. ಆ ಕೆಲಸ ಹೋದರೆ ಈ ಹೆಂಗಸರು ಎಲ್ಲಿಗೆ ಹೋಗುತ್ತಾರೆ? ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ, ಅದೇ ವರ್ಷ ಬಂದ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಈ ಪ್ರಶ್ನೆಗೆ ಹೊಸ ಆಯಾಮ ಕೊಟ್ಟಿವೆ. ಉಚಿತ ಪ್ರಯಾಣದ ಶೂನ್ಯ ಟಿಕೆಟ್ಟು ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂಬುದನ್ನು ದಾಖಲಿಸುತ್ತದೆ. ಹೆಣ್ಣುಮಕ್ಕಳ ಓಡಾಟದ ಬಗ್ಗೆ ಇಷ್ಟು ದೊಡ್ಡ ಲೆಕ್ಕ ಹಿಂದೆಂದೂ ಇರಲಿಲ್ಲ. ಈ ಸೀಮೆಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ಮಾರ್ಗಗಳೂ ಇವೆ, ಅಲ್ಲಿ ಶಕ್ತಿ ಅನ್ವಯಿಸುವುದಿಲ್ಲ. ಸರ್ಕಾರಿ ಬಸ್ಸಿರುವ ಊರಿನ ಹೆಂಗಸರು ದಾವಣಗೆರೆಯ ಅಂಗಡಿ, ಆಸ್ಪತ್ರೆ, ಗಾರ್ಮೆಂಟ್ಸ್ ಕೆಲಸಕ್ಕೆ ಹೆಚ್ಚು ಹೋದರೇ, ಖಾಸಗಿ ಬಸ್ಸಿನ ಊರಿನವರು ಉಳಿದುಬಿಟ್ಟರೇ ಎಂದು ಹೋಲಿಸಲು ತುಂಗಭದ್ರೆಯ ಗೆರೆಯಷ್ಟೇ ಒಳ್ಳೆಯ ಅವಕಾಶ ಇದು.

ಪ್ರಾದೇಶಿಕ ಅಸಮಾನತೆಯ ಅಧ್ಯಯನದಲ್ಲಿ ಕರ್ನಾಟಕಕ್ಕೆ ಡಿ.ಎಂ. ನಂಜುಂಡಪ್ಪ ಅವರ ಹೆಸರು ಬಿಟ್ಟು ಮಾತಿಲ್ಲ. ಅವರ ಸಮಿತಿ 2002ರಲ್ಲಿ 35 ಸೂಚ್ಯಂಕಗಳನ್ನು ಬಳಸಿ ಆಗಿನ 175 ತಾಲ್ಲೂಕುಗಳನ್ನು ಅಳೆಯಿತು, 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ತಾಲ್ಲೂಕು ಎಂಬ ಘಟಕ ಆಗಿನ ಮಟ್ಟಿಗೆ ದೊಡ್ಡ ಹೆಜ್ಜೆ. ಆದರೆ ನಾಲೆಯ ಮೇಲ್ಭಾಗ ಮತ್ತು ಕೊನೆಭಾಗ ಒಂದೇ ತಾಲ್ಲೂಕಿನಲ್ಲಿ ಇರುವ ಕಡೆ ಸರಾಸರಿ ಅಂಕಿ ಇಬ್ಬರನ್ನೂ ಮುಚ್ಚಿಬಿಡುತ್ತದೆ. ಮುಂದಿನ ಅಸಮಾನತೆ ವರದಿಗಳು ಹೋಬಳಿ, ಗ್ರಾಮ ಪಂಚಾಯಿತಿ ಮಟ್ಟಕ್ಕೆ ಇಳಿಯಬೇಕು.

ಈ ಸಂಶೋಧನೆಗಳಿಗೆ ನೆಲೆ ಒದಗಿಸುವ ಸಂಸ್ಥೆಗಳು ರಾಜ್ಯದಲ್ಲಿ ಕಡಿಮೆಯೇನಿಲ್ಲ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಧಾರವಾಡದ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ, ಐಐಎಂನ ಸಾರ್ವಜನಿಕ ನೀತಿ ಕೇಂದ್ರ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಎಲ್ಲ ಇವೆ. ಮಲೆಬೆನ್ನೂರಿಗೆ ತೀರ ಹತ್ತಿರದ್ದು 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾದ ದಾವಣಗೆರೆ ವಿಶ್ವವಿದ್ಯಾಲಯ. ತೋಳಹುಣಸೆಯ ಆ ಆವರಣಕ್ಕೆ ಬರುವ ಅರ್ಥಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಅಚ್ಚುಕಟ್ಟಿನ ಮನೆಗಳ ಮಕ್ಕಳೂ ಇರುತ್ತಾರೆ. ಯಾವ ತೂಬಿನಲ್ಲಿ ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಕೋರಿನ ಮಾತು ಹೇಗೆ ಆಗುತ್ತದೆ, ನಾಟಿ ಗುಂಪಿನ ಹಣ ಯಾರು ಹಂಚುತ್ತಾರೆ ಎಂಬುದು ಅವರಿಗೆ ಮನೆಯ ವಿಷಯ. ಪ್ರಶ್ನಾವಳಿ ಹಿಡಿದು ಹೊರಗಿನಿಂದ ಬರುವವರಿಗೆ ಇದನ್ನು ತಿಳಿಯಲು ತಿಂಗಳುಗಳು ಬೇಕು. ಕನ್ನಡದಲ್ಲೇ ಸಮೀಕ್ಷೆ ಮಾಡಿ, ಫಲಿತಾಂಶವನ್ನು ಕನ್ನಡದಲ್ಲೇ ಗ್ರಾಮಸಭೆಯ ಮುಂದಿಡಬಲ್ಲವರೂ ಅವರೇ.

ಅವರ ಕೈಗೆ ಬೇಕಾದ್ದು ಲೆಕ್ಕ. ಮಲೆಬೆನ್ನೂರು ಶಾಖಾ ನಾಲೆಯ ಪ್ರತಿ ವಿತರಣಾ ನಾಲೆಯ ಗೇಜಿನ ದಿನದ ಮಟ್ಟವನ್ನು ನೀರಾವರಿ ನಿಗಮ ಹಂಗಾಮಿನುದ್ದಕ್ಕೂ ಸಾರ್ವಜನಿಕವಾಗಿ ಪ್ರಕಟಿಸಬೇಕು. ಸಲಹಾ ಸಮಿತಿಯ ಸಭೆಗೆ ಹೋಗುವ ರೈತ ಮುಖಂಡರು ನೀರಿನ ದಿನಗಳ ಜೊತೆಗೆ ಈ ಬೇಡಿಕೆಯನ್ನೂ ಮುಂದಿನ ಹಂಗಾಮಿನಲ್ಲಿ ಬರೆದುಕೊಡಬೇಕು.